ನಾಲ್ಕನೇ ಸಾಲಿನಲ್ಲಿ ಸೋತವನು

ಅವನು ಅವಳ ಪೋಸ್ಟರಿನ ಮುಂದೆ ಹನ್ನೊಂದು ನಿಮಿಷ ನಿಂತಿದ್ದ. ಹಂಸಿನಿ ಗಡಿಯಾರ ನೋಡುತ್ತಲೇ ಇದ್ದಳು. ಬೆಳಗಿನಿಂದ ಆ ಪೋಸ್ಟರಿನ ಮುಂದೆ ಯಾರೂ ಎರಡು ನಿಮಿಷಕ್ಕಿಂತ ಹೆಚ್ಚು ನಿಂತಿರಲಿಲ್ಲ.

ನೋಯ್ಡಾದ ಆ ಕಾನ್ಫರೆನ್ಸ್ ಹಾಲಿನಲ್ಲಿ ಊಟದ ಹೊತ್ತಾಗಿತ್ತು. ಎಲ್ಲರೂ ತಟ್ಟೆ ಹಿಡಿದು ಪನೀರಿನ ಕಡೆಗೆ ನಡೆದಿದ್ದರು. ಇವನೊಬ್ಬ ಮಾತ್ರ ತೋಳು ಮಡಚಿದ ನೀಲಿ ಅಂಗಿಯಲ್ಲಿ, ಕೈಕಟ್ಟಿಕೊಂಡು, ಅವಳು ಹಾಕಿದ್ದ ಕೋಷ್ಟಕವನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದ. ತುಟಿಯ ಕೊನೆಯಲ್ಲಿ ಸಣ್ಣದೊಂದು ನಗು ಇತ್ತು. ಮೆಚ್ಚಿಕೊಂಡಿದ್ದಾನೆ ಎಂದುಕೊಂಡಳು ಹಂಸಿನಿ. ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು.

"ಎನಿ ಕ್ವೆಶ್ಚನ್ಸ್?"

ಅವನು ಅವಳ ಕೊರಳಲ್ಲಿ ತೂಗುತ್ತಿದ್ದ ಹೆಸರಿನ ಚೀಟಿ ನೋಡಿದ. "ಹಂಸಿನಿ ಚಂದ್ರಮೋಹನ. ಕನ್ನಡದವರೇನ್ರೀ?"

"ಹೌದು. ದ್ವಾರಕಾ ಕನ್ನಡ. ಸ್ವಲ್ಪ ಹಿಂದಿ ಮಿಕ್ಸ್."

"ಹಂಗಾದ್ರ ಕನ್ನಡದಾಗ ಹೇಳ್ತೇನಿ. ನಿಮ್ಮ ಟೇಬಲ್‌ನಾಗ ನಾಲ್ಕನೇ ಸಾಲಿನಾಗ ಸೋತಾನಲ್ಲ, ಅಂವ ನಾನೇ."

ತಾನು ಸೋಲಿಸಿದವನೇ ಎದುರಿಗೆ ಬಂದು ನಿಂತರೆ ಏನು ಮಾತಾಡಬೇಕು ಎಂದು ಯಾವ ಗೈಡೂ ಕಲಿಸಿರುವುದಿಲ್ಲ. ಹಂಸಿನಿಯ ಮುಖ ಕೆಂಪಾಯಿತು. "ಸಾರಿ" ಎಂದುಬಿಟ್ಟಳು.

"ಸೋಲಿಸಿದವರು ಸಾರಿ ಹೇಳಬಾರದ್ರೀ. ಊಟಕ್ಕ ಕರೀಬೇಕು."

ಅವನ ಹೆಸರು ಮಹಂತೇಶ್. ಊರು ಗದಗ. ಆಗ ಧಾರವಾಡದಲ್ಲಿ ಪಿಎಚ್‌ಡಿ ಮುಗಿಸುತ್ತಿದ್ದ.

ಆ ಕೋಷ್ಟಕದ ವಿಷಯ ಇಷ್ಟು. ಎಂಆರ್‌ಐ ಯಂತ್ರದೊಳಗೆ ಮಗುವೊಂದು ಅಲುಗಾಡದೆ ಅರ್ಧ ಗಂಟೆ ಮಲಗಬೇಕು. ಮಕ್ಕಳು ಮಲಗುವುದಿಲ್ಲ, ಹೆದರಿ ಅಳುತ್ತವೆ. ಬೇಕಾದ ಅಳತೆಗಳಲ್ಲಿ ಕಾಲು ಭಾಗವನ್ನಷ್ಟೇ ತೆಗೆದುಕೊಂಡು, ಇಡೀ ಚಿತ್ರವನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಳ್ಳಲು ಸಾಧ್ಯವಾದರೆ ಏಳೆಂಟು ನಿಮಿಷ ಸಾಕು. ಇದಕ್ಕೆ ಕಂಪ್ರೆಸಿವ್ ಸೆನ್ಸಿಂಗ್ ಎಂದು ಹೆಸರು. ಹಾಗೆ ಕಟ್ಟುವ ದಾರಿಗಳಲ್ಲಿ ಬೇಗ ಕೆಲಸ ಮುಗಿಸುವ ಒಂದು ಜಾತಿಯನ್ನು ಗ್ರೀಡಿ ಅಲ್ಗಾರಿದಮ್ ಎನ್ನುತ್ತಾರೆ. ಅವುಗಳಲ್ಲಿ ಯಾವುದು ಮೇಲು ಎಂದು ಹೋಲಿಸಿ ನೋಡುವುದೇ ಹಂಸಿನಿಯ ಸಂಶೋಧನೆ.

"ಏನೇ ಅದು ಗ್ರೀಡಿ? ಇಷ್ಟು ಓದಿಸಿದ್ದು ದುರಾಸೆ ಕಲಿಯೋದಕ್ಕಾ?" ಎಂದು ಅಮ್ಮ ವೈಜಯಂತಿ ಒಮ್ಮೆ ಕೇಳಿದಾಗ ಹಂಸಿನಿ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ವಿವರಿಸಿದ್ದಳು.

"ಪಕ್ಕದ ಮನೆಯಿಂದ ಹುಳಿ ಬಂತು ಅಂದ್ಕೋ ಅಮ್ಮ. ರುಚಿ ನೋಡಿ ಏನೇನು ಹಾಕಿದಾರೆ ಹೇಳ್ಬೇಕು. ಮೊದಲು ಯಾವುದು ಜೋರಾಗಿ ಗೊತ್ತಾಗತ್ತೆ?"

"ಇಂಗು."

"ಇಂಗನ್ನ ಮನಸ್ಸಲ್ಲೇ ತೆಗೆದುಬಿಡು. ಈಗ?"

"ಮೆಂತ್ಯ. ಅವರು ಯಾವಾಗಲೂ ಜಾಸ್ತಿ ಹಾಕ್ತಾರೆ."

"ಬಸ್! ಹಾಗೆ ಒಂದೊಂದೇ ಆರಿಸ್ತಾ ಹೋಗೋದು ಓಎಂಪಿ. ಒಂದು ಹಿಡಿ ಒಟ್ಟಿಗೆ ಆರಿಸಿ, ಸಲ್ಲದ್ದನ್ನ ಬಿಸಾಡೋದು ಕೋಸ್ಯಾಂಪ್. ಆದರೆ ಅದಕ್ಕೆ ಒಟ್ಟು ಎಷ್ಟು ಸಾಮಾನು ಅಂತ ಮೊದಲೇ ಯಾರಾದ್ರೂ ಹೇಳಿರಬೇಕು."

ಮಹಂತೇಶ್ ಮಾಡಿದ್ದ ವಿಧಾನಕ್ಕೆ ಹಾಗೆ ಯಾರೂ ಹೇಳಬೇಕಿರಲಿಲ್ಲ. ಹಿಂದೆ ಆರಿಸಿದ್ದನ್ನು ಅದು ತಿರುಗಿ ತಿರುಗಿ ನೋಡುತ್ತಿತ್ತು, ತಪ್ಪಾಗಿದ್ದರೆ ಬಿಟ್ಟುಬಿಡುತ್ತಿತ್ತು. ಅದು ಮೂರು ವರ್ಷದ ಅವನ ದುಡಿಮೆ. ಹಂಸಿನಿಯ ಕೋಷ್ಟಕದಲ್ಲಿ ಅದು ಎಲ್ಲ ಪರೀಕ್ಷೆಗಳಲ್ಲೂ ಕೊನೆಗೆ ಬಂದಿತ್ತು.

ಅದಾಗಿ ವರ್ಷದ ಮೇಲೆ, ಕಳೆದ ಜುಲೈನಲ್ಲಿ ಅವನು ಹೌಜ್ ಖಾಸ್‌ನ ಅವಳ ಸಂಸ್ಥೆಗೇ, ಅವಳ ಲ್ಯಾಬಿಗೇ ಪೋಸ್ಟ್‌ಡಾಕ್ ಆಗಿ ಬಂದ. ಬಂದ ದಿನವೇ ಹೇಳಿದ: "ನಿಮಗ ಥ್ಯಾಂಕ್ಸ್ ಹೇಳಬೇಕ್ರೀ. ನಿಮ್ಮ ಟೇಬಲ್ ನೋಡಿ ಆ ಕೆಲಸ ಬಿಟ್ಟುಬಿಟ್ಟೆ. ಇಲ್ಲಾಂದ್ರ ಇನ್ನೂ ಐದು ವರ್ಷ ಅದಕ್ಕ ಜೋತು ಬಿದ್ದಿರ್ತಿದ್ದೆ." ಎಲ್ಲರೂ ನಕ್ಕರು. ಹಂಸಿನಿಯೂ ನಕ್ಕಳು. ಆಗ ಅವಳಿಗೆ ಹೆದರಲು ಕಾರಣವಿರಲಿಲ್ಲ.

ಅವನು ದಶರಥಪುರಿಯಲ್ಲಿ ಒಂದು ಮಹಡಿ ಕೋಣೆಯಲ್ಲಿದ್ದ. ಅವಳು ದ್ವಾರಕಾದಿಂದ ಬಂದು ಜನಕಪುರಿಯಲ್ಲಿ ಗಾಡಿ ಬದಲಿಸುತ್ತಿದ್ದಳು. ಎರಡು ಸ್ಟೇಷನ್ ಆದ ಮೇಲೆ ಅವನು ಹತ್ತುತ್ತಿದ್ದ. ಮೆಟ್ರೋದ ಮೊದಲ ಡಬ್ಬಿ ಹೆಂಗಸರದು. ಹತ್ತು ವರ್ಷ ಅದರಲ್ಲೇ ಓಡಾಡಿದ ಹುಡುಗಿ ಆಗಸ್ಟ್ ತಿಂಗಳಲ್ಲಿ ಒಂದು ದಿನ ಎರಡನೇ ಡಬ್ಬಿಗೆ ಹತ್ತಿದಳು. ಆಮೇಲೆ ಮೊದಲನೆಯದಕ್ಕೆ ಹೋಗಲೇ ಇಲ್ಲ. ಯಾಕೆ ಎಂದು ಅವನು ಕೇಳಲಿಲ್ಲ. ಬಾಗಿಲ ಪಕ್ಕದ ಮೂಲೆಯನ್ನು ಅವಳಿಗೆ ಬಿಟ್ಟು, ತಾನು ಜನರ ನೂಕಾಟಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ.

"ನಿಮ್ಮ ಕನ್ನಡ ಹಿಂದಿಯೊಳಗ ನೆನೆಸಿಟ್ಟಂಗ ಐತಿ" ಎನ್ನುತ್ತಿದ್ದ.

"ನಿಮ್ಮದು ಜೋಳದ ರೊಟ್ಟಿ ತಟ್ಟಿದ ಹಾಗಿದೆ" ಎನ್ನುತ್ತಿದ್ದಳು.

ಗಾಡಿ ಸುರಂಗದೊಳಗೆ ನುಗ್ಗಿದಾಗ ಕಿಟಕಿಯ ಗಾಜು ಕನ್ನಡಿಯಾಗುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೇರ ನೋಡದೆ ಆ ಗಾಜಿನಲ್ಲಿ ನೋಡಿಕೊಳ್ಳುತ್ತಿದ್ದರು. ಕಣ್ಣು ಕೂಡಿದರೆ ಅವನು ಮೊದಲು ಕಣ್ಣು ತಗ್ಗಿಸುತ್ತಿದ್ದ. ಅವಳಿಗೆ ಅದು ಬಹಳ ಇಷ್ಟವಾಗುತ್ತಿತ್ತು.

ಹೀಗೆ ಮಾರ್ಚ್ ಬಂತು. ಕ್ಯಾಂಪಸ್ಸಿನ ಬೂರುಗದ ಮರಗಳು ಕೆಂಪು ಹೂವನ್ನು ದಪ್ ದಪ್ ಎಂದು ಉದುರಿಸುತ್ತಿದ್ದವು. ಹಂಸಿನಿಯ ಥೀಸಿಸ್ ಮುಂದಿನ ಸೋಮವಾರ ಸಲ್ಲಿಕೆಯಾಗಬೇಕಿತ್ತು.

ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವಳು ಒಂದು ಗ್ರಾಫಿನ ಬಣ್ಣ ಬದಲಿಸಲು ಹಳೆಯ ಕೋಡ್ ತೆರೆದಳು. ಅಷ್ಟೇ ಕೆಲಸ. ನಾಲ್ಕು ಗೆರೆಗಳಲ್ಲಿ ಎರಡು ಒಂದೇ ಬಣ್ಣದಂತೆ ಕಾಣುತ್ತವೆ ಎಂದು ಗೈಡ್ ಸಚದೇವಾ ಮೇಡಂ ಹೇಳಿದ್ದರು. ಕೆಳಗೆ ಇಳಿಯುತ್ತಾ ಹೋದವಳು ಒಂದು ಸಾಲಿನಲ್ಲಿ ನಿಂತಳು. ಮತ್ತೆ ಓದಿದಳು.

ಇಂಥ ಹೋಲಿಕೆ ಮಾಡುವಾಗ ಮೊದಲು ಅಳತೆಯ ಪಟ್ಟಿಯಲ್ಲಿರುವ ಎಲ್ಲ ಕಾಲಮ್‌ಗಳನ್ನೂ ಒಂದೇ ಗಾತ್ರಕ್ಕೆ ತರಬೇಕು. ಇಲ್ಲದಿದ್ದರೆ ದೊಡ್ಡದೇ ಸರಿಯಾದದ್ದು ಎಂಬಂತೆ ಕಂಡು ವಿಧಾನ ಮೋಸಹೋಗುತ್ತದೆ. ಮೊದಲ ಮೂರು ವಿಧಾನಗಳಿಗೆ ಅವಳು ಸಮ ಮಾಡಿದ ಪಟ್ಟಿಯನ್ನೇ ಕೊಟ್ಟಿದ್ದಳು. ನಾಲ್ಕನೆಯದನ್ನು ಆಮೇಲೆ ಸೇರಿಸಿದ್ದು. "ಧಾರವಾಡದವರ ಈ ವಿಧಾನವನ್ನೂ ಹೋಲಿಸಿ" ಎಂದು ಪೇಪರ್ ಓದಿದ ವಿಮರ್ಶಕರೊಬ್ಬರು ಬರೆದಿದ್ದರು. ಎರಡೇ ದಿನ ಗಡುವು ಇತ್ತು. ಆ ಅವಸರದಲ್ಲಿ ಅದಕ್ಕೆ ಮಾತ್ರ ಸಮ ಮಾಡದ ಪಟ್ಟಿ ಹೋಗಿತ್ತು.

ಮಹಂತೇಶನ ವಿಧಾನಕ್ಕೆ ಮಾತ್ರ.

ಒಂದು ಅಕ್ಷರ ಬದಲಿಸಿ ಮತ್ತೆ ಓಡಿಸಿದಳು. ಪರದೆಯ ಮೇಲೆ ನಾಲ್ಕನೇ ಗೆರೆ ತಳದಿಂದ ಎದ್ದು, ಉಳಿದ ಮೂರನ್ನೂ ದಾಟಿ ಮೇಲೆ ಹೋಗಿ ನಿಂತಿತು.

ಹಂಸಿನಿಯ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಪಕ್ಕದ ಕುರ್ಚಿಯವರಿಗೆ ಕೇಳಿಸೀತೆಂದು ಅವಳು ಅತ್ತ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಎರಡು ವರ್ಷ. ಅವನು ಆ ಕೆಲಸ ಬಿಟ್ಟು ಎರಡು ವರ್ಷ. ತನ್ನಿಂದ. ಅದಕ್ಕೆ ಅವನು ಥ್ಯಾಂಕ್ಸ್ ಬೇರೆ ಹೇಳಿದ್ದ.

"ಮೇಡಂ, ಚಾ!"

ಬಾಗಿಲಲ್ಲಿ ಅವನೇ. ಎರಡೂ ಕೈಯಲ್ಲಿ ಕಾಗದದ ಕಪ್ಪು, ಹಲ್ಲಿನ ನಡುವೆ ಬಿಸ್ಕತ್ತಿನ ಪೊಟ್ಟಣ. ಅವಳು ಲ್ಯಾಪ್‌ಟಾಪ್ ಮುಚ್ಚಿದ ಸದ್ದು ಅವಳಿಗೇ ಪೆಟ್ಟಿನಂತೆ ಕೇಳಿಸಿತು.

"ಏನ್ರೀ, ದೆವ್ವ ನೋಡಿದಂಗ ಮಾರಿ ಮಾಡೀರಿ?"

"ಏನಿಲ್ಲ. ಥೀಸಿಸ್ ಟೆನ್ಷನ್."

"ನನಗೂ ಟೆನ್ಷನ್ ಐತಿ. ಎರಡು." ಅವನು ಕುರ್ಚಿ ಎಳೆದು ಕೂತ. "ಒಂದು, ಗುರುಗ್ರಾಮದ ಆ ಕಂಪನಿ ಲೆಟರ್ ಕಳಿಸೇತಿ. ಯಾವ ಓಣಿಯೊಳಗ ಎಷ್ಟು ಮಂದಿ ಹಾಲು, ತತ್ತಿ ತರಿಸ್ತಾರ ಅಂತ ಲೆಕ್ಕ ಹಾಕೂದು. ಶುಕ್ರವಾರದೊಳಗ ಸಹಿ ಮಾಡಬೇಕು. ರಿಸರ್ಚ್ ಸಾಕ್ರೀ ಇನ್ನ. ನನಗ ಒಗ್ಗೂದಲ್ಲ ಅಂತ ನೀವೇ ತೋರಿಸಿದ್ರಲ್ಲ."

ಹಂಸಿನಿ ಕಪ್ಪು ಕೆಳಗಿಟ್ಟಳು. "ಎರಡನೇದು?"

ಅವನು ಕಪ್ಪಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದ. ಕಿವಿ ನಿಧಾನಕ್ಕೆ ಕೆಂಪಾಯಿತು. "ಶನಿವಾರ ನಮ್ಮಕ್ಕ ಬರಾಕತ್ಯಾಳ. ಅಪೂರ್ವಕ್ಕ. ಕೃಷಿ ಇಲಾಖಿ ಮೀಟಿಂಗ್ ಐತಿ. ಚಾಣಕ್ಯಪುರಿಯ ಕರ್ನಾಟಕ ಅತಿಥಿಗೃಹದಾಗ ಇರ್ತಾಳ. ಮಧ್ಯಾಹ್ನ ಊಟಕ್ಕ... ನೀವೂ ಬರ್ತೀರೇನು?"

"ಅಕ್ಕ-ತಮ್ಮನ ಮಧ್ಯೆ ಮೂರನೆಯವಳು ನಾನ್ಯಾಕೆ?"

ಅವಳು ತಮಾಷೆಗೆ ಅಂದಳು. ಅವನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಗಾಜಿಲ್ಲದೆ, ಸುರಂಗವಿಲ್ಲದೆ, ಮೊದಲ ಸಲ ನೇರವಾಗಿ ಅವಳ ಕಣ್ಣು ನೋಡಿದ. "ನೀವು ಮೂರನೆಯವರಲ್ಲ."

ಎಂಟು ತಿಂಗಳಿಂದ ಕಾದ ಮಾತು ಅದು. ಅದನ್ನು ಕೇಳಿದ ಸಂತೋಷ ಅವಳ ಹತ್ತಿರವೂ ಸುಳಿಯಲಿಲ್ಲ. ಮುಚ್ಚಿದ ಲ್ಯಾಪ್‌ಟಾಪಿನ ಮೇಲಿದ್ದ ಅವಳ ಅಂಗೈ ಬೆವರಿತು. "ಬರ್ತೀನಿ" ಎಂದಳು.

ಸಂಜೆ ಅವಳು ಅವನಿಗಿಂತ ಮೊದಲೇ ಹೊರಟಳು. ಸ್ಟೇಷನ್ನಿನಲ್ಲಿ ಹಿಂದಿನಿಂದ ಅವನ ದನಿ ಕೇಳಿಸಿತು. ಅವಳು ತಿರುಗದೆ ಮುಂದೆ ಓಡಿ ಹೆಂಗಸರ ಡಬ್ಬಿ ಹತ್ತಿದಳು. ಬಾಗಿಲು ಮುಚ್ಚುವಾಗ ಅವನು ಪ್ಲಾಟ್‌ಫಾರ್ಮಿನಲ್ಲಿ ಕೈ ಅರ್ಧ ಎತ್ತಿ ನಿಂತಿದ್ದ.

ಮನೆಯಲ್ಲಿ ವೈಜಯಂತಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಮಗಳು ಬ್ಯಾಗನ್ನು ಹೆಗಲಿನಿಂದ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದು ನೋಡಿ ಒಲೆ ಸಣ್ಣ ಮಾಡಿದರು. ಒಂದು ಹಿಡಿ ಹುರುಳಿಕಾಯಿ ಅವಳ ಮುಂದೆ ಸುರಿದರು. ಕೈಗೆ ಕೆಲಸ ಸಿಕ್ಕಿದರೆ ಬಾಯಿ ತಾನೇ ಬಿಡುತ್ತದೆ ಎಂದು ಅವರಿಗೆ ಗೊತ್ತಿತ್ತು.

ಐದಾರು ಕಾಯಿ ಆದ ಮೇಲೆ ಹಂಸಿನಿ ಎಲ್ಲ ಹೇಳಿದಳು.

"ಅಂದ್ರೆ" ಎಂದರು ವೈಜಯಂತಿ, "ಮೂರು ಜನರಿಗೆ ಎಲ್ಲ ಮಸಾಲೆಯನ್ನೂ ಒಂದೇ ಚಮಚದಲ್ಲಿ ಅಳೆದು ಕೊಟ್ಟೆ. ಆ ಹುಡುಗನಿಗೆ ಮಾತ್ರ ಒಂದನ್ನ ಚಮಚದಲ್ಲಿ, ಇನ್ನೊಂದನ್ನ ಸೌಟಲ್ಲಿ. ಆಮೇಲೆ ಇವನಿಗೆ ರುಚಿನೇ ಗೊತ್ತಾಗಲ್ಲ ಅಂತ ಎಲ್ಲರಿಗೂ ಹೇಳಿದೆ."

ಇಷ್ಟು ನೆಟ್ಟಗೆ ಅದನ್ನು ಯಾರೂ ಹೇಳಲಾರರು. ಹಂಸಿನಿ ಅತ್ತಳು.

"ಬೇಕು ಅಂತ ಮಾಡಿದ್ದಲ್ಲ ಅಮ್ಮ."

"ಗೊತ್ತು ಕಣೇ."

"ಯಾರೂ ಎರಡು ವರ್ಷ ಕಂಡುಹಿಡೀಲಿಲ್ಲ. ನಾನು ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ. ಸೋಮವಾರ ಥೀಸಿಸ್ ಹೋಗತ್ತೆ. ಶನಿವಾರ ಅವರ ಅಕ್ಕ..." ಕೈಯಲ್ಲಿದ್ದ ಕಾಯಿಯನ್ನು ಎರಡು ಸಲ ಮುರಿದಳು. "ಹೇಳಿದ್ರೆ ಅವರು ನನ್ನ ಮುಖ ನೋಡಲ್ಲ. ಸಚ್ಚಿ ಹೇಳ್ತೀನಿ, ನನಗೆ ಥೀಸಿಸ್ ಭಯ ಅಲ್ಲ. ಇದೇ ಭಯ."

ವೈಜಯಂತಿ ಸೆರಗಿನಲ್ಲಿ ಕೈ ಒರೆಸಿಕೊಂಡು ಮಗಳ ತಲೆಯ ಮೇಲಿಟ್ಟರು. "ಹೇಳದೆ ಮದುವೆ ಆದ್ರೆ, ಅವನು ಪ್ರತಿದಿನ ಸಂಜೆ ಹಾಲು, ಮೊಟ್ಟೆ ಲೆಕ್ಕ ಹಾಕಿ ಮನೆಗೆ ಬರ್ತಾನೆ. ನೀನು ಬಾಗಿಲು ತೆಗೀತೀಯ. ಎಷ್ಟು ವರ್ಷ ತೆಗೀಬಲ್ಲೆ, ಯೋಚನೆ ಮಾಡು."

ಸ್ವಲ್ಪ ಹೊತ್ತಿನ ಮೇಲೆ ಅವರೇ ಮತ್ತೆ ಹೇಳಿದರು: "ಕೈ ತೊಳ್ಕೊ. ಊಟ ಮಾಡು. ಹಸಿದ ಹೊಟ್ಟೇಲಿ ಭಯ ದೊಡ್ಡದಾಗಿ ಕಾಣತ್ತೆ."

ಬುಧವಾರ ಬೆಳಿಗ್ಗೆ ಅವಳು ದಶರಥಪುರಿಯಲ್ಲಿ ಗಾಡಿಯಿಂದ ಇಳಿದಳು. ಮಹಂತೇಶ್ ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ನಿಂತಿದ್ದ. ಅವಳನ್ನು ಕಂಡು ಮುಖ ಅರಳಿತು. "ನಿನ್ನಿ ಯಾಕ ಓಡಿದ್ರಿ? ಅಕ್ಕನ ಹೆಸರು ಕೇಳಿ ಹೆದರಿದ್ರೇನು? ಆಕಿ ಕಡಿಯೂದಿಲ್ರೀ."

"ಮಹಂತೇಶ್, ಸ್ವಲ್ಪ ಕೂತ್ಕೊಳ್ಳಿ."

ಉಕ್ಕಿನ ಬೆಂಚಿನ ಮೇಲೆ ಕೂತು ಅವಳು ಲ್ಯಾಪ್‌ಟಾಪ್ ತೆರೆದಳು. ರಾತ್ರಿಯೆಲ್ಲ ಜೋಡಿಸಿಟ್ಟಿದ್ದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. ಸಾಲಿನ ಮೇಲೆ ಬೆರಳಿಟ್ಟಳು, ಅಷ್ಟೇ.

ಅವನಿಗೆ ವಿವರಿಸಬೇಕಾಗಲಿಲ್ಲ. ಆ ಸಾಲನ್ನು ಓದಿದ, ಮೇಲಿನ ಮೂರು ಸಾಲು ಓದಿದ, ಮತ್ತೆ ಆ ಸಾಲಿಗೆ ಬಂದ. ಒಂದು ಗಾಡಿ ಬಂದು ಹೋಯಿತು. ಅವನ ಮುಖದಲ್ಲಿದ್ದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಒಣಗಿತು.

"ಸರಿ ಮಾಡಿ ಓಡಿಸಿದ್ರೇನು?"

ಅವಳು ಹೊಸ ಗ್ರಾಫ್ ತೋರಿಸಿದಳು. ಎರಡನೇ ಗಾಡಿ ಬಂತು. ಜನ ಇಳಿದರು, ಹತ್ತಿದರು. ಅವನು ಮೇಲೆ ನಿಂತಿದ್ದ ತನ್ನ ಗೆರೆಯನ್ನು ಕಣ್ಣೆವೆ ಇಕ್ಕದೆ ನೋಡುತ್ತಿದ್ದ. ಅವಳು ಅವನ ಮುಖವನ್ನು ನೋಡುತ್ತಿದ್ದಳು. ಆ ಮುಖ ದೂರ ಹೋಗುತ್ತಿರುವುದು ಅವಳಿಗೆ ಕಾಣುತ್ತಿತ್ತು.

"ಯಾವಾಗ ಗೊತ್ತಾತು?"

"ನಿನ್ನೆ. ಹನ್ನೊಂದು ಗಂಟೆಗೆ."

"ಚಾ ತಂದಾಗ ಗೊತ್ತಿತ್ತು."

"ಗೊತ್ತಿತ್ತು."

"ಊಟಕ್ಕ ಕರದಾಗ?"

ಅವಳು ಹೌದೆಂದು ತಲೆಯಾಡಿಸಿದಳು. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ.

"ಎರಡು ಪೇಪರ್ ವಾಪಸ್ ಬಂದ್ವು ನಂದು" ಎಂದ ಅವನು, ಯಾರಿಗೋ ಹೇಳುವವನಂತೆ. "ಎರಡರಾಗೂ ನಿಮ್ಮ ಟೇಬಲ್ ತೋರಿಸಿದ್ರು. ನಮ್ಮಪ್ಪಗ ಫೋನ್ ಮಾಡಿ, ನನ್ನ ತಲಿಗೆ ಇದು ಹತ್ತೂದಿಲ್ಲಪ್ಪ ಅಂತ ಹೇಳಿದ್ದೆ." ಅವನು ಎದ್ದ. ಮೂರನೇ ಗಾಡಿ ಬಂದಿತ್ತು. ಅವಳೂ ಎದ್ದಳು. ಅವನು ಕೈಯೆತ್ತಿ ತಡೆದ. "ಬ್ಯಾಡ್ರೀ. ಈಗ ನನ್ನ ಜೋಡಿ ಬರಬ್ಯಾಡ್ರಿ."

ಗಾಡಿ ಹೋದ ಮೇಲೂ ಹಂಸಿನಿ ಅದೇ ಬೆಂಚಿನ ಮೇಲೆ ಕೂತಿದ್ದಳು. ಎದೆಯಲ್ಲಿ ಭಯ ಇರಬೇಕಾಗಿತ್ತು. ಅದರ ಜಾಗದಲ್ಲಿ ಏನೋ ಟೊಳ್ಳು ಇತ್ತು. ಭಯವೇ ವಾಸಿಯಿತ್ತು ಅನ್ನಿಸಿತು. ಭಯಪಡುವಷ್ಟು ದಿನ ಕಳೆದುಕೊಳ್ಳಲು ಏನಾದರೂ ಉಳಿದಿರುತ್ತದೆ.

ಮಧ್ಯಾಹ್ನ ಅವಳು ಸಚದೇವಾ ಮೇಡಂ ಕೋಣೆಗೆ ಹೋದಳು. ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಪರದೆ ನೋಡಿದರು. ಕೊನೆಗೆ ಹಿಂದಿಯಲ್ಲಿ ಹೇಳಿದರು: "ಪೇಪರಿನಲ್ಲಿ ನನ್ನ ಹೆಸರೂ ಇದೆ ಬೇಟಾ. ನಾನೂ ನೋಡಲಿಲ್ಲ. ತಿದ್ದುಪಡಿ ಇವತ್ತೇ ಬರೆದು ಕಳಿಸು. ಆ ಅಧ್ಯಾಯ ಪೂರ್ತಿ ಹೊಸದಾಗಿ ಮಾಡು. ಥೀಸಿಸ್ ಮುಂದಿನ ಸೆಮಿಸ್ಟರ್." ಅವಳು ಬಾಗಿಲ ಬಳಿ ಹೋದಾಗ ಮತ್ತೆ ಕರೆದರು. "ಮಹಂತೇಶನಿಗೆ ಹೇಳಿದೆಯಾ?"

"ಮೊದಲು ಅವರಿಗೇ ಹೇಳಿದೆ ಮೇಡಂ."

"ಅಚ್ಛಾ ಕಿಯಾ."

ಗುರುವಾರ ಅವನು ಲ್ಯಾಬಿಗೆ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಅವನ ಕುರ್ಚಿಯ ಬೆನ್ನಿಗೆ ಸ್ವೆಟರ್ ನೇತಾಡುತ್ತಿತ್ತು. ಶುಕ್ರವಾರ ಸಂಜೆ ಐದಕ್ಕೆ ಅವಳು ಗೋಡೆಯ ಗಡಿಯಾರ ನೋಡಿದಳು. ಇಷ್ಟು ಹೊತ್ತಿಗೆ ಸಹಿ ಆಗಿರುತ್ತದೆ. ಫೋನಿನಲ್ಲಿ ಅವನ ಹೆಸರು ತೆಗೆದು, "ಸಹಿ ಮಾಡಬೇಡಿ" ಎಂದು ಬರೆದು ಅಳಿಸಿದಳು. "ನಾಳೆ ಬರಲಾ?" ಎಂದು ಬರೆದು ಅದನ್ನೂ ಅಳಿಸಿದಳು. ಕೇಳುವ ಹಕ್ಕು ತನಗೆ ಉಳಿದಿದೆಯೇ ಎಂಬುದೇ ತಿಳಿಯಲಿಲ್ಲ.

ಶನಿವಾರ ವೈಜಯಂತಿ ಇಸ್ತ್ರಿ ಮಾಡಿದ ಹಸಿರು ಕುರ್ತಾವನ್ನು ಮಂಚದ ಮೇಲಿಟ್ಟಿದ್ದರು.

"ಅವರು ಬಾ ಅಂತ ಹೇಳಿಲ್ಲ ಅಮ್ಮ."

"ಬರಬೇಡ ಅಂತ ಹೇಳಿದ್ನಾ?"

"ಇಲ್ಲ."

"ಮತ್ತೆ? ಹೋಗು. ಇಲ್ಲೇ ಕೂತು ಹೆದರೋ ಬದಲು ಅಲ್ಲಿ ಹೋಗಿ ಹೆದರು."

ಮೋತಿಬಾಗ್‌ನಲ್ಲಿ ಇಳಿದು ಆಟೋ ಹತ್ತಿದಳು. ಚಾಣಕ್ಯಪುರಿಯ ಅಗಲ ರಸ್ತೆಗಳು ಖಾಲಿಯಾಗಿದ್ದವು. ಬೇವಿನ ಎಲೆಗಳು ಗಾಳಿಗೆ ಉರುಳುತ್ತಿದ್ದವು. ಅತಿಥಿಗೃಹದ ಗೇಟು ಕಾಣುತ್ತಲೇ "ಭಯ್ಯಾ, ವಾಪಸ್ ಚಲೋ" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಕಂಡ.

ಗೇಟಿನ ಹೊರಗೆ ನೆರಳಿನಲ್ಲಿ ನಿಂತಿದ್ದ. ಗಡ್ಡ ಬೋಳಿಸಿರಲಿಲ್ಲ. ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿದ್ದವು. ಅವಳು ಆಟೋದವನಿಗೆ ದುಡ್ಡು ಕೊಟ್ಟು ಇಳಿಯುವವರೆಗೂ ಕದಲಲಿಲ್ಲ.

"ಬರ್ತೀರೋ ಇಲ್ಲೋ ಅಂತ ಒಂದು ತಾಸಿಂದ ನಿಂತೇನಿ" ಎಂದ.

"ಬರಬಹುದೋ ಇಲ್ಲವೋ ಅಂತ ಮೂರು ದಿನದಿಂದ ಕೂತಿದೀನಿ" ಎಂದಳು ಹಂಸಿನಿ.

ಅವನು ನಗಲಿಲ್ಲ. ಆದರೆ ಹತ್ತಿರ ಬಂದ. "ನಿಮಗ ಒಂದು ಮಾತು ಹೇಳಬೇಕು. ಅಕ್ಕನ್ನ ನೋಡೂಕಿಂತ ಮೊದಲ. ಆಮ್ಯಾಲ ಒಳಗ ಬರೂದು ಬಿಡೂದು ನಿಮಗ ಬಿಟ್ಟಿದ್ದು."

"ಹೇಳಿ" ಎಂದಳು.

"ನಿಮ್ಮ ಕೋಡ್ ಎರಡು ವರ್ಷದಿಂದ ನೆಟ್‌ನಾಗ ಎಲ್ಲಾರಿಗೂ ಕಾಣೂಹಂಗ ಇತ್ತು, ಹೌದಲ್ಲ? ನೋಯ್ಡಾದಿಂದ ಹೋದ ರಾತ್ರಿನೇ ನಾನು ಅದನ್ನ ಇಳಿಸ್ಕೊಂಡಿದ್ದೆ. ನನ್ನ ಲ್ಯಾಪ್‌ಟಾಪ್‌ನಾಗ ಐತಿ ಅದು. ಒಂದು ಸಂಜಿ ಕೂತಿದ್ರ ಆ ಸಾಲು ನನಗ ಸಿಗ್ತಿತ್ತು. ನಾನು ತೆರೀಲೇ ಇಲ್ಲ."

"ಯಾಕೆ?"

"ಹೆದರಿಕಿ." ಅವನು ಆ ಶಬ್ದವನ್ನು ಬಹಳ ಕಷ್ಟದಿಂದ ಹೊರಗೆ ತಂದ. "ತೆರದು ನೋಡಿ ನೀವು ಸರಿ ಇದ್ರ, ನಾನು ಖರೇನೇ ದಡ್ಡ. ನೀವು ತಪ್ಪಿದ್ರ, ಮತ್ತ ಎದ್ದು ಜಗಳಾಡಬೇಕು. ಎರಡಕ್ಕೂ ಧೈರ್ಯ ಇರಲಿಲ್ಲ. ದಣಿದಿದ್ದೆ ನಾನು. ಬಿಡಾಕ ಒಂದು ನೆಪ ಬೇಕಾಗಿತ್ತು. ನೀವು ಕೊಟ್ರಿ. ಅದಕ್ಕ ಥ್ಯಾಂಕ್ಸ್ ಹೇಳಿದ್ದೆ, ತಮಾಷಿಗಲ್ಲ. ಬುಧವಾರ ನಿಮ್ಮ ಮ್ಯಾಲ ಸಿಟ್ಟು ಮಾಡಿ ಮನಿಗೆ ಹೋಗಿ ನೋಡಿದ್ರ, ಅರ್ಧ ಸಿಟ್ಟು ನನ್ನ ಮ್ಯಾಲೇ ಇತ್ತು."

ರಸ್ತೆಯಲ್ಲಿ ನೀಲಿ ನಂಬರ್ ಪ್ಲೇಟಿನ ಕಾರೊಂದು ಸದ್ದಿಲ್ಲದೆ ಹಾದುಹೋಯಿತು.

"ಗುರುಗ್ರಾಮ?" ಎಂದು ಕೇಳಿದಳು.

"ಬರೂದಿಲ್ಲ ಅಂತ ಫೋನ್ ಮಾಡಿದೆ. ಮೂರು ದಿನ ಮನಿಯಾಗ ಕೂತು ನಿಮ್ಮ ಕೋಡ್‌ನಾಗ ಆ ಸಾಲು ಸರಿ ಮಾಡಿ ಓಡಿಸಿದೆ. ಐದು ಸಾವಿರ ಸಲ." ಈಗ ಅವನ ಕಣ್ಣಿನಲ್ಲಿ ಏನೋ ಹೊತ್ತಿಕೊಂಡಿತು. ಆ ಬೆಳಕು ಅಲ್ಲಿ ಇದೆಯೆಂದು ಅವಳಿಗೆ ಇಷ್ಟು ತಿಂಗಳು ಗೊತ್ತೇ ಇರಲಿಲ್ಲ. "ಅಳತಿಯೊಳಗ ಗದ್ದಲ ಕಡಿಮಿ ಇದ್ದಾಗ ನಂದು ಗೆಲ್ತೈತಿ. ಗದ್ದಲ ಜಾಸ್ತಿ ಆತಂದ್ರ ಕೋಸ್ಯಾಂಪ್ ಮುಂದ ಮತ್ತ ಸೋಲ್ತೈತಿ. ಯಾಕ ಸೋಲ್ತೈತಿ ಅಂತಾನೂ ನಿನ್ನಿ ಗೊತ್ತಾತು. ಈ ಸೋಲು ನಂದು ರೀ. ಇದರ ಜೋಡಿ ಕೆಲಸ ಮಾಡಬಹುದು."

ಹಂಸಿನಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ದುಪಟ್ಟಾದ ಅಂಚಿನಲ್ಲಿ ಒರೆಸಿಕೊಂಡಳು. "ನನ್ನ ಮೇಲೆ ಇನ್ನೂ ಕೋಪ ಇದೆಯಾ?"

"ಐತಿ. ಇಲ್ಲ ಅನ್ನೂದಿಲ್ಲ. ಎರಡು ವರ್ಷ ಹೋತಲ್ಲ!"

"ಎಷ್ಟು ದಿನ ಇರತ್ತೆ?"

"ಗೊತ್ತಿಲ್ಲ." ಅವನು ಕಾಲಡಿಯ ಬೇವಿನೆಲೆಗಳನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಈ ಸಲ ಕಣ್ಣು ತಗ್ಗಿಸಲಿಲ್ಲ. "ಅದು ಹೋಗೂತನಕ ನೀನು ಜೋಡಿಗೆ ಇದ್ರ ಚಲೋ ಅನಸ್ತೈತಿ. ಹೋದ ಮ್ಯಾಲೂ."

ಅವಳು ಕೈ ಚಾಚಿದಳು. ಅದು ತಣ್ಣಗಿತ್ತು, ನಡುಗುತ್ತಿತ್ತು. ಹಿಡಿದಾಗ ಅವನ ಕೈಯೂ ಹಾಗೇ ಇದೆಯೆಂದು ಗೊತ್ತಾಯಿತು. ಇಷ್ಟು ದಿನ ತಾನೊಬ್ಬಳೇ ಹೆದರಿದ್ದೇನೆ ಎಂದುಕೊಂಡಿದ್ದಳು.

"ನನಗಿನ್ನೂ ಭಯ ಆಗ್ತಿದೆ ಮಹಂತೇಶ್."

"ನನಗೂ. ಬಾ. ಅಕ್ಕ ಊಟಕ್ಕ ಕಾಯಾಕತ್ಯಾಳ."

ಗೇಟಿನಲ್ಲಿ ಕಾವಲುಗಾರ ದಪ್ಪ ರಿಜಿಸ್ಟರ್ ತಿರುಗಿಸಿ ಅವರ ಮುಂದೆ ತಳ್ಳಿದ. ಹೆಸರು, ಫೋನ್ ನಂಬರು, ಯಾರನ್ನು ಕಾಣಬೇಕು, ಅವರಿಗೆ ಏನಾಗಬೇಕು. ಮಹಂತೇಶ್ ಕೊನೆಯ ಕಾಲಮ್ಮಿನಲ್ಲಿ 'ತಮ್ಮ' ಎಂದು ಬರೆದು ಪೆನ್ನನ್ನು ಅವಳಿಗೆ ಕೊಟ್ಟ.

ಹಂಸಿನಿ ಹೆಸರು ಬರೆದಳು. ನಂಬರು ಬರೆದಳು. ಅಪೂರ್ವ ಎಂದು ಬರೆದಳು. ಸಂಬಂಧದ ಕೊನೆಯ ಖಾನೆಗೆ ಬಂದು ಪೆನ್ನು ನಿಂತಿತು.

"ಮೇಡಂ, ರಿಶ್ತಾ ಭೀ ಲಿಖಿಯೇ" ಎಂದ ಕಾವಲುಗಾರ. "ಖಾಲಿ ನಹೀ ಛೋಡ್ನಾ. ಸಾಬ್ ಚೆಕ್ ಕರ್ತೇ ಹೈಂ."

ಅವಳು ತುಟಿ ಕಚ್ಚಿಕೊಂಡು, ಸಣ್ಣ ಅಕ್ಷರದಲ್ಲಿ, ಒತ್ತಿ ಬರೆದಳು: 'ತಮ್ಮನ ಹೆಂಡತಿ.' ಒಂದು ಕ್ಷಣ ಅದನ್ನು ನೋಡಿದಳು. ಬರೆದದ್ದನ್ನು ಒಮ್ಮೆ ಪರೀಕ್ಷಿಸದೆ ಮುಂದೆ ಹೋಗಬಾರದೆಂದು ಈ ವಾರ ಕಲಿತಿದ್ದಳಲ್ಲ, ಪಕ್ಕದಲ್ಲಿದ್ದ ಚೂರು ಜಾಗದಲ್ಲಿ ಸೇರಿಸಿದಳು: 'ಇನ್ನೂ ಆಗಿಲ್ಲ.'

ಮಹಂತೇಶ್ ಅವಳ ಹೆಗಲ ಮೇಲಿಂದ ಬಗ್ಗಿ ಓದಿದ. ಅವನ ಕಿವಿ ತುದಿಯವರೆಗೆ ಕೆಂಪಾಯಿತು.

"ಕ್ಯಾ ಲಿಖಾ ಹೈ?" ಎಂದು ಕಾವಲುಗಾರ ಕನ್ನಡದ ಅಕ್ಷರಗಳನ್ನು ಹತ್ತಿರ ಹಿಡಿದು ನೋಡಿದ.

"ಠೀಕ್ ಲಿಖಾ ಹೈ, ಭಯ್ಯಾ" ಎಂದ ಮಹಂತೇಶ್. "ಮೈನೇ ಚೆಕ್ ಕಿಯಾ."